ಬಾಯಿಗೆ ಬೇಡದ ಸೊನ್ನೆ ಬರಹಕ್ಕೆ ಬೇಕು

ಮಕ್ಕಳೇ, ಪೆನ್ಸಿಲ್ ಹಿಡಿದುಕೊಳ್ಳಿ. ಅಜ್ಜ ಅಜ್ಜಿಯರೂ ಕನ್ನಡಕ ಹಾಕಿಕೊಂಡು ಪಕ್ಕದಲ್ಲೇ ಕೂತುಕೊಳ್ಳಿ. ನಾನೊಂದು ಸಂಖ್ಯೆ ಹೇಳುತ್ತೇನೆ, ಅಂಕಿಯಲ್ಲಿ ಬರೆಯಿರಿ: ನಾನೂರ ಏಳು.

ದೊಡ್ಡವರು ಯೋಚನೆಯನ್ನೇ ಮಾಡದೆ 407 ಎಂದು ಬರೆದಿರುತ್ತೀರಿ. ಮೂವತ್ತು ವರ್ಷಕ್ಕೂ ಮಿಗಿಲಾಗಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದ ನನಗೆ ಇನ್ನೆರಡು ಉತ್ತರಗಳೂ ಚೆನ್ನಾಗಿ ಪರಿಚಯ. ಒಂದು 4007. ಇನ್ನೊಂದು 47. ಪ್ರತಿ ವರ್ಷ, ಪ್ರತಿ ತರಗತಿಯಲ್ಲೂ ಈ ಎರಡು ಉತ್ತರ ಬರೆಯುವ ಮಕ್ಕಳು ಇದ್ದೇ ಇರುತ್ತಿದ್ದರು. ಅವರ ಸ್ಲೇಟಿನ ಮೇಲೆ ಒಂದು ದೊಡ್ಡ ಕತ್ತರಿ ಗುರುತು ಹಾಕಿ ಮುಂದಕ್ಕೆ ಹೋಗುವುದು ಸುಲಭ. ಆದರೆ 4007 ಎಂದು ಬರೆದ ಮಗುವಿನ ಪಕ್ಕ ಒಂದು ನಿಮಿಷ ಕೂತು ನೋಡಿ. ಅದು ಕಿವಿಗೆ ಬಿದ್ದದ್ದನ್ನು ಚಾಚೂ ತಪ್ಪದೆ ಬರೆದಿದೆ. 'ನಾನೂರು' ಎಂದು ಕೇಳಿಸಿತು, 400 ಎಂದು ಬರೆಯಿತು. 'ಏಳು' ಎಂದು ಕೇಳಿಸಿತು, 7 ಎಂದು ಬರೆಯಿತು. 47 ಎಂದು ಬರೆದ ಮಗುವೂ ದಡ್ಡನಲ್ಲ. ನಾಲ್ಕು ಕೇಳಿಸಿತು, ಏಳು ಕೇಳಿಸಿತು, ಎರಡನ್ನೂ ಬರೆದಿದೆ. ಸೊನ್ನೆ ಎಂದು ನಾವು ಹೇಳಲೇ ಇಲ್ಲವಲ್ಲ!

ಇರುವ ತೊಡಕೆಲ್ಲ ಇಲ್ಲೇ. ಮಾತಿನಲ್ಲಿ ಸಂಖ್ಯೆ ಹೇಳುವಾಗ ನಮಗೆ ಸೊನ್ನೆ ಬೇಕಾಗುವುದಿಲ್ಲ. 'ನಾಲ್ಕು ನೂರು, ಸೊನ್ನೆ ಹತ್ತು, ಏಳು' ಎಂದು ಯಾರೂ ಹೇಳುವುದಿಲ್ಲ. ಬರಹದಲ್ಲಿ ಸೊನ್ನೆ ಬಿಟ್ಟರೆ ಕೆಟ್ಟಿತು, ಹೆಚ್ಚಾದರೂ ಕೆಟ್ಟಿತು. ಮಾತಿನಿಂದ ಬರಹಕ್ಕೆ ದಾಟಲು ಒಂದು ಸೇತುವೆ ಬೇಕು. ಶಾಲೆಯ ಪುಸ್ತಕದಲ್ಲಿ ಅದಕ್ಕೆ 'ವಿಸ್ತರಣಾ ರೂಪ' ಎಂಬ ಗಂಭೀರವಾದ ಹೆಸರಿದೆ. 407 = 400 + 7. ಅಷ್ಟೇ.

ನಮ್ಮ ಕನ್ನಡದಲ್ಲಿ ಈ ಸೇತುವೆ ಅರ್ಧ ಕಟ್ಟಿಯೇ ಇದೆ ಎನ್ನುವುದು ನನಗೆ ಬಹಳ ಸಂತೋಷ ಕೊಡುವ ವಿಷಯ. ಹತ್ತಕ್ಕೆ ಹಳೆಗನ್ನಡದಲ್ಲಿ 'ಪತ್ತು' ಎನ್ನುತ್ತಿದ್ದರು. ಈಗ ಇಪ್ಪತ್ತು, ಎಪ್ಪತ್ತು, ಎಂಬತ್ತು ಎಂದು ನಿಧಾನವಾಗಿ ಹೇಳಿಕೊಳ್ಳಿ. ಎರಡು ಪತ್ತು, ಏಳು ಪತ್ತು, ಎಂಟು ಪತ್ತು ಒಳಗೆ ಅಡಗಿ ಕೂತಿರುವುದು ಕೇಳಿಸುತ್ತದೆ. ಮೂವತ್ತು, ಐವತ್ತು, ಅರವತ್ತುಗಳಲ್ಲಿ ಅದೇ ಪತ್ತು ಮೆತ್ತಗಾಗಿ 'ವತ್ತು' ಆಗಿದೆ. ಹಿಂದಿ ಕಲಿಯುವ ಮಕ್ಕಳು ಇಕ್ಕೀಸ್, ಬಾಯೀಸ್, ತೇಯೀಸ್ ಎಂದು ನೂರರವರೆಗೆ ಹೆಚ್ಚುಕಡಿಮೆ ಒಂದೊಂದನ್ನೂ ಬಾಯಿಪಾಠ ಮಾಡಬೇಕು. ನಮಗೆ ಇಪ್ಪತ್ತು ಗೊತ್ತು, ಒಂದು ಗೊತ್ತು, ಇಪ್ಪತ್ತೊಂದು ತಾನಾಗಿ ಬಂತು.

ಇನ್ನೊಂದು ಸೂಕ್ಷ್ಮ ಗಮನಿಸಿ. ಬರಿಯ ನೂರು ಆದರೆ 'ನೂರು'. ಮುಂದೆ ಏನಾದರೂ ಇದ್ದರೆ 'ನೂರ ಐದು'. ಬರಿಯ ಸಾವಿರ ಆದರೆ 'ಸಾವಿರ'. ಮುಂದೆ ಇದ್ದರೆ 'ಸಾವಿರದ ಐದು'. ಆ 'ರ', ಆ 'ದ' ಇದೆಯಲ್ಲ, ಅದೇ ಕೂಡಿಸುವ ಚಿಹ್ನೆ! 'ಮೂರು ಸಾವಿರದ ನಾನೂರ ಐವತ್ತಾರು' ಎಂದು ಹೇಳುವ ಮಗು ಬಾಯಲ್ಲಿ ಆಗಲೇ 3000 + 400 + 50 + 6 ಎಂದು ಹೇಳಿಬಿಟ್ಟಿದೆ. ನಾವು ಅದನ್ನು ಕಾಗದದ ಮೇಲೆ ಇಳಿಸಲು ಸಹಾಯ ಮಾಡಿದರೆ ಸಾಕು.

ಸಂತೆಯ ಲೆಕ್ಕ, ಶಾಲೆಯ ಲೆಕ್ಕ

ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ನಾಲ್ಕನೆಯ ತರಗತಿ. ಕೊನೆಯ ಸಾಲಿನಲ್ಲಿ, ಗೋಡೆಗೆ ಒರಗಿ ಕೂರುತ್ತಿದ್ದ. ಲೆಕ್ಕದ ಪುಸ್ತಕ ತೆಗೆಯಿರಿ ಎಂದರೆ ಅವನಿಗೆ ಹೊಟ್ಟೆನೋವು. 'ಇವನಿಗೆ ಲೆಕ್ಕ ಹತ್ತುವುದಿಲ್ಲ' ಎಂದು ಮನೆಯಲ್ಲೂ ನಂಬಿಬಿಟ್ಟಿದ್ದರು. ಆ ವರ್ಷ ಮುಗಿದ ಮೇಲೆ ಶಾಲೆ ಬಿಡಿಸುವ ಮಾತೂ ನಡೆದಿತ್ತು.

ಒಂದು ಸಂತೆಯ ದಿನ ಅವನು ಅಪ್ಪನ ಜೊತೆ ತೆಂಗಿನಕಾಯಿ ಮಾರುತ್ತಿದ್ದುದನ್ನು ಕಂಡೆ. ಕಾಯಿಗೆ ಎಂಟು ರೂಪಾಯಿ. ಯಾರೋ ಹದಿನೇಳು ಕಾಯಿ ಆರಿಸಿ ಚೀಲಕ್ಕೆ ಹಾಕಿಕೊಂಡರು. ಹುಡುಗ ಕಣ್ಣು ಮಿಟುಕಿಸುವಷ್ಟರಲ್ಲಿ 'ನೂರ ಮೂವತ್ತಾರು' ಅಂದ.

"ಹೇಗೋ ಮಾಡಿದೆ?" ಅಂತ ಕೇಳಿದೆ.

"ಹತ್ತು ಕಾಯಿಗೆ ಎಂಬತ್ತಾಯ್ತಲ್ಲ ಮಿಸ್. ಇನ್ನೇಳಕ್ಕೆ ಐವತ್ತಾರು. ಸೇರಿಸ್ದೆ."

ಅದೇ ಹುಡುಗ ಮಾರನೆಯ ದಿನ ಶಾಲೆಯಲ್ಲಿ ನೂರ ಮೂವತ್ತಾರನ್ನು 100306 ಎಂದು ಬರೆದ. ಹದಿನೇಳನ್ನು 10 + 7 ಎಂದು ಒಡೆದು, ಎರಡು ಭಾಗಕ್ಕೂ ಬೇರೆ ಬೇರೆ ಗುಣಿಸಿ, ಮತ್ತೆ ಜೋಡಿಸುವ ಹುಡುಗನಿಗೆ ಸ್ಥಾನಬೆಲೆ ಗೊತ್ತಿಲ್ಲ ಎನ್ನಲಾದೀತೇ? ಅವನಿಗೆ ಗೊತ್ತಿಲ್ಲದ್ದು ಬರೆಯುವ ಒಪ್ಪಂದ ಮಾತ್ರ. 'ನಿನ್ನೆ ಸಂತೆಯಲ್ಲಿ ನೀನು ಮಾಡಿದ್ದಕ್ಕೇ ಪುಸ್ತಕದಲ್ಲಿ ವಿಸ್ತರಣಾ ರೂಪ ಅಂತಾರೆ ಕಣೋ' ಎಂದಾಗ ಅವನು ನನ್ನನ್ನೇ ಅನುಮಾನದಿಂದ ನೋಡಿದ.

ಅವನಿಗಾಗಿ ಹಳೆಯ ಮದುವೆ ಪತ್ರಿಕೆಗಳನ್ನು ಕತ್ತರಿಸಿದೆ. ನೀವೂ ಮನೆಯಲ್ಲಿ ಮಾಡಬಹುದು, ಅಜ್ಜಂದಿರ ಬಳಿ ಈ ಪತ್ರಿಕೆಗಳಿಗೆ ಬರವಿಲ್ಲ. ಒಂದೊಂದು ಅಂಕಿಗೆ ಒಂದೊಂದು ಬೆರಳಿನ ಅಗಲ ಎಂದು ಇಟ್ಟುಕೊಳ್ಳಿ. 1ರಿಂದ 9ರವರೆಗಿನ ಬಿಡಿಗಳಿಗೆ ಒಂದು ಬೆರಳಗಲದ ಚೀಟಿ. 10, 20, 30ರಿಂದ 90ರವರೆಗೆ ಎರಡು ಬೆರಳಗಲ. 100ರಿಂದ 900ಕ್ಕೆ ಮೂರು, 1000ದಿಂದ 9000ಕ್ಕೆ ನಾಲ್ಕು. ಈಗ 3000ದ ಚೀಟಿಯ ಮೇಲೆ 400, ಅದರ ಮೇಲೆ 50, ಅದರ ಮೇಲೆ 6 ಇಡಿ. ಎಲ್ಲದರ ಬಲ ಅಂಚೂ ಒಂದೇ ಸಾಲಿಗೆ ಬರಬೇಕು. ಏನು ಕಾಣಿಸುತ್ತದೆ? 3456. ಸೊನ್ನೆಗಳೆಲ್ಲ ಎಲ್ಲಿ ಹೋದವು? ಮೇಲಿನ ಚೀಟಿ ಎತ್ತಿ ನೋಡಿ, ಕೆಳಗೆ ಸುಮ್ಮನೆ ಕೂತಿವೆ!

ಇನ್ನು ನಾನೂರ ಏಳು ಮಾಡಿ. 400ರ ಚೀಟಿ, ಅದರ ಬಲ ತುದಿಗೆ 7. ಹತ್ತರ ಚೀಟಿ ಇಲ್ಲವಾದ್ದರಿಂದ ನಡುವಿನ ಸೊನ್ನೆಯನ್ನು ಮುಚ್ಚುವವರು ಯಾರೂ ಇಲ್ಲ. ಅದು ಹಾಗೇ ಕಾಣುತ್ತದೆ: 407. ಇದೇ ಚೀಟಿಗಳಿಂದ 4007 ಮಾಡು ನೋಡೋಣ ಎಂದರೆ ಮಗು ಒಂದಿಷ್ಟು ತಡಕಾಡಿ, 'ಅದಕ್ಕೆ ನಾಲ್ಕು ಸಾವಿರದ ಚೀಟಿ ಬೇಕು' ಎನ್ನುತ್ತದೆ. ನಾವು ಬಾಯಿ ಬಿಡುವ ಅಗತ್ಯವೇ ಇಲ್ಲ.

ಆ ಹುಡುಗ ಒಂದು ವಾರ ಆ ಚೀಟಿಗಳನ್ನು ಜೇಬಿನಲ್ಲಿ ಇಟ್ಟುಕೊಂಡು ತಿರುಗಿದ. ಲೆಕ್ಕದ ಹೊತ್ತಿನ ಹೊಟ್ಟೆನೋವು ನಿಧಾನವಾಗಿ ಕಡಿಮೆಯಾಯಿತು. ಐದನೆಯ ತರಗತಿಗೂ ಬಂದ.

ಕಳೆಯುವ ಲೆಕ್ಕಕ್ಕೆ ಮಾತ್ರ ಚೀಟಿಗಿಂತ ಪೊರಕೆ ಕಡ್ಡಿಯೇ ಮೇಲು. ಹತ್ತು ಕಡ್ಡಿ ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿ, ಅದು ಹತ್ತರ ಕಟ್ಟು. ಅಂಥ ಹತ್ತು ಕಟ್ಟು ಸೇರಿಸಿ ಕಟ್ಟಿದರೆ ನೂರರ ಹೊರೆ. ಈಗ 304ರಲ್ಲಿ 178 ಕಳೆಯಬೇಕು. ಮೂರು ಹೊರೆ ಇದೆ, ಬಿಡಿಯಾಗಿ ನಾಲ್ಕು ಕಡ್ಡಿ ಇದೆ, ಹತ್ತರ ಕಟ್ಟು ಒಂದೂ ಇಲ್ಲ. ನಾಲ್ಕರಲ್ಲಿ ಎಂಟು ಹೋಗದು. ಪಕ್ಕದ ಮನೆಯಲ್ಲಿ ಸಾಲ ಕೇಳೋಣವೆಂದರೆ ಅಲ್ಲಿಯೂ ಸೊನ್ನೆ. ಆಗ ಒಂದು ಹೊರೆ ಬಿಚ್ಚಿ, ಹತ್ತು ಕಟ್ಟು ಸಿಗುತ್ತದೆ. ಅದರಲ್ಲಿ ಒಂದು ಕಟ್ಟು ಬಿಚ್ಚಿ, ಹತ್ತು ಕಡ್ಡಿ ಸಿಗುತ್ತದೆ. ಈಗ ನಿಮ್ಮ ಮುಂದೆ ಇರುವುದು 2 ಹೊರೆ, 9 ಕಟ್ಟು, 14 ಕಡ್ಡಿ. ಸಂಖ್ಯೆ ಅದೇ 304, ಬಿಚ್ಚಿಟ್ಟ ರೀತಿ ಬೇರೆ. ಹದಿನಾಲ್ಕರಲ್ಲಿ ಎಂಟು ಹೋದರೆ 6, ಒಂಬತ್ತರಲ್ಲಿ ಏಳು ಹೋದರೆ 2, ಎರಡರಲ್ಲಿ ಒಂದು ಹೋದರೆ 1. ಉತ್ತರ 126. 'ಸೊನ್ನೆ ಒಂಬತ್ತಾಗುತ್ತದೆ' ಎಂದು ಮಂತ್ರದ ಹಾಗೆ ಹೇಳಿಕೊಡುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ಆ ಒಂಬತ್ತು ಎಲ್ಲಿಂದ ಬಂತು ಎಂದು ಕೈಯಾರೆ ಬಿಚ್ಚಿ ನೋಡಿದ ಮಗುವಿಗೆ ಮಂತ್ರ ಬೇಡ.

ಮೆಟ್ಟಿಲು ಇಳಿಯುವ ಆಟ

ಮೇಲಿನ ತರಗತಿಯವರು ಇದನ್ನೇ ಇನ್ನೂ ಚಿಕ್ಕದಾಗಿ ಬರೆಯುತ್ತಾರೆ. 3456 = 3×1000 + 4×100 + 5×10 + 6×1 ಎಂದು ಮೊದಲ ಹೆಜ್ಜೆ. 1000 ಎಂದರೆ 10×10×10. ಹತ್ತು ಮೂರು ಸಲ ಬಂತು, ಆದ್ದರಿಂದ 10ರ ತಲೆಯ ಮೇಲೆ ಪುಟ್ಟದಾಗಿ 3 ಬರೆದು 10³ ಎನ್ನುತ್ತಾರೆ. ಆ ಪುಟ್ಟ ಅಂಕಿಯೇ ಘಾತಾಂಕ. 100 ಎಂದರೆ 10², 10 ಎಂದರೆ 10¹. ಹಾಗಾದರೆ ಬಿಡಿ ಸ್ಥಾನದ 1? ಪುಸ್ತಕ 10⁰ ಎನ್ನುತ್ತದೆ.

ಏಳನೆಯ ತರಗತಿಯ ನನ್ನ ಮೊಮ್ಮಗಳು ಇಲ್ಲಿ ಜಗಳಕ್ಕೇ ಬಂದಳು.

"ಅಜ್ಜಿ, ತಲೆ ಮೇಲೆ ಸೊನ್ನೆ ಇದ್ರೆ ಉತ್ತರಾನೂ ಸೊನ್ನೆ ತಾನೆ? ಒಂದು ಹೇಗಾಗತ್ತೆ?"

"ಇರು ಪುಟ್ಟಿ, ಮೆಟ್ಟಿಲು ಇಳಿಯೋಣ. 10³ ಎಷ್ಟು?"

"ಸಾವಿರ."

"ಒಂದು ಮೆಟ್ಟಿಲು ಇಳಿ."

"10². ನೂರು."

"ಸಾವಿರ ನೂರಾಗಬೇಕಾದ್ರೆ ಏನ್ಮಾಡಿದೆ?"

"ಹತ್ತರಿಂದ ಭಾಗಿಸ್ದೆ. ಇನ್ನೊಂದು ಇಳಿದ್ರೆ ಹತ್ತು. ಇನ್ನೊಂದು ಇಳಿದ್ರೆ..." ಅಲ್ಲಿಗೆ ನಿಂತು ನಕ್ಕಳು. "ಒಂದು!"

ಮೆಟ್ಟಿಲು ಅಲ್ಲಿಗೆ ಮುಗಿಯುವುದಿಲ್ಲ. ಇನ್ನೂ ಇಳಿದರೆ ಹತ್ತನೇ ಒಂದು, ನೂರನೇ ಒಂದು. ಅಲ್ಲಿಂದ ದಶಾಂಶದ ಬಿಂದುವಿನ ಬಲಗಡೆಯ ಊರು. 7.5 ದೊಡ್ಡದೋ 7.45 ದೊಡ್ಡದೋ ಎಂದು ಕೇಳಿ, ಬಹಳ ಮಕ್ಕಳು 45 ನೋಡಿ ಮೋಸಹೋಗುತ್ತಾರೆ. ಬಿಡಿಸಿ ಬರೆದರೆ ಮೊದಲನೆಯದರಲ್ಲಿ ಹತ್ತನೆಯ ಭಾಗಗಳು ಐದು, ಎರಡನೆಯದರಲ್ಲಿ ನಾಲ್ಕೇ. ಏಳು ರೂಪಾಯಿ ಐವತ್ತು ಪೈಸೆ, ಏಳು ರೂಪಾಯಿ ನಲವತ್ತೈದು ಪೈಸೆ ಎಂದು ಓದಿದರೆ ಇನ್ನೂ ಬೇಗ ಹೊಳೆಯುತ್ತದೆ.

ಪೈಸೆ ಎಂದೊಡನೆ ನನ್ನ ವಯಸ್ಸಿನವರಿಗೆ ಏನೋ ನೆನಪಾಗಿರಬೇಕು. 1957ರ ಏಪ್ರಿಲ್ 1ಕ್ಕೆ ಮೊದಲು ರೂಪಾಯಿಗೆ ನೂರು ಪೈಸೆ ಇರಲಿಲ್ಲ ಮಕ್ಕಳೇ. ಮೂರು ಪೈಗೆ ಒಂದು ಪೈಸೆ, ನಾಲ್ಕು ಪೈಸೆಗೆ ಒಂದು ಆಣೆ, ಹದಿನಾರು ಆಣೆಗೆ ಒಂದು ರೂಪಾಯಿ. ಎರಡು ರೂಪಾಯಿ ಹದಿಮೂರಾಣೆ ಒಂಬತ್ತು ಪೈಗೆ ಒಂದು ರೂಪಾಯಿ ಏಳಾಣೆ ಆರು ಪೈ ಕೂಡಿಸಬೇಕು ಎಂದುಕೊಳ್ಳಿ. ಪೈ ಹದಿನೈದಾಯಿತು. ಹನ್ನೆರಡಕ್ಕೆ ಒಂದಾಣೆ, ಉಳಿದದ್ದು ಮೂರು. ಆಣೆ ಇಪ್ಪತ್ತೊಂದಾಯಿತು. ಹದಿನಾರಕ್ಕೆ ಒಂದು ರೂಪಾಯಿ, ಉಳಿದದ್ದು ಐದು. ಒಟ್ಟು ನಾಲ್ಕು ರೂಪಾಯಿ ಐದಾಣೆ ಮೂರು ಪೈ. ಪ್ರತಿ ಮನೆಗೂ ಬೇರೆ ಬೇರೆ ಕಾನೂನು! ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕೂತವರು ಇದನ್ನು ಬಾಯಲ್ಲೇ ಮಾಡುತ್ತಿದ್ದರು. ನಯಾ ಪೈಸೆ ಬಂದ ಮೇಲೆ ಎಲ್ಲ ಮನೆಗೂ ಒಂದೇ ಕಾನೂನು: ಹತ್ತಾದರೆ ಎಡಕ್ಕೆ ಹೋಗು. ಆದರೂ ಹಳೆಯ ಬಾಯಿ ಕೇಳಬೇಕಲ್ಲ, ಇಪ್ಪತ್ತೈದು ಪೈಸೆಗೆ ನಾಲ್ಕಾಣೆ, ಐವತ್ತು ಪೈಸೆಗೆ ಎಂಟಾಣೆ ಎನ್ನುವುದನ್ನು ನಾವು ಬಿಡಲೇ ಇಲ್ಲ. ಗಡಿಯಾರದಲ್ಲಿ ಇವತ್ತಿಗೂ ಅರವತ್ತರ ಕಾನೂನೇ ನಡೆಯುತ್ತಿದೆ. ಎರಡು ಗಂಟೆ ನಲವತ್ತೈದು ನಿಮಿಷಕ್ಕೆ ಒಂದೂವರೆ ಗಂಟೆ ಕೂಡಿಸಲು ಮಕ್ಕಳು ತಡವರಿಸುವುದು ಅದಕ್ಕೇ.

ಮಹಾಕ್ಷೋಭದವರೆಗೆ

ಒಂದು ಸ್ಥಾನದಿಂದ ಎಡಕ್ಕೆ ಸರಿದರೆ ಹತ್ತು ಪಟ್ಟು ಎಂಬುದನ್ನು ಆರ್ಯಭಟ 499ರ ಸುಮಾರಿನಲ್ಲೇ ಹೇಳಿಟ್ಟಿದ್ದಾನೆ. ಗ್ವಾಲಿಯರ್ ಕೋಟೆಯ ಚತುರ್ಭುಜ ದೇವಾಲಯದಲ್ಲಿ 876ರ ಒಂದು ಶಾಸನವಿದೆ. ದೇವರ ಹೂದೋಟ 270 ಹಸ್ತ ಉದ್ದ, 187 ಹಸ್ತ ಅಗಲ, ದಿನಕ್ಕೆ 50 ಮಾಲೆ ಎಂದು ಅದರಲ್ಲಿ ಕೆತ್ತಿದ್ದಾರೆ. ಆ 270ರಲ್ಲಿ, 50ರಲ್ಲಿ ಪುಟ್ಟ ದುಂಡನೆಯ ಸೊನ್ನೆ ಇವತ್ತಿಗೂ ಕಾಣುತ್ತದೆ. ಬಿಡಿ ಸ್ಥಾನ ಖಾಲಿ, ಆದರೆ ಜಾಗ ಬಿಟ್ಟುಕೊಡಬೇಡಿ ಎಂದು ಕಲ್ಲಿನಲ್ಲೇ ಹೇಳಿದ ಹಾಗೆ.

ಹೆಚ್ಚುಕಡಿಮೆ ಅದೇ ಕಾಲದಲ್ಲಿ ನಮ್ಮ ನಾಡಿನಲ್ಲಿ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಆಳ್ವಿಕೆ. ಆಗ ಇದ್ದ ಜೈನ ಗಣಿತಜ್ಞ ಮಹಾವೀರಾಚಾರ್ಯ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದ. ಅದರಲ್ಲಿ ಅವನು ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರಿಟ್ಟಿದ್ದಾನೆ. ಏಕ, ದಶ, ಶತ, ಸಹಸ್ರದಿಂದ ಹೊರಟು, ಎಂಟನೆಯದಾಗಿ ಕೋಟಿ, ಹನ್ನೊಂದನೆಯದಾಗಿ ಅರ್ಬುದ, ಮುಂದೆ ಖರ್ವ, ಪದ್ಮ, ಶಂಖ ದಾಟಿ ಕೊನೆಗೆ ಮಹಾಕ್ಷೋಭ. ಒಂದರ ಮುಂದೆ ಇಪ್ಪತ್ತಮೂರು ಸೊನ್ನೆ! ಮೊಮ್ಮಗಳಿಗೆ ಹೇಳಿದರೆ ಎರಡು ದಿನ ಮನೆಯಲ್ಲೆಲ್ಲ 'ಮಹಾಕ್ಷೋಭ ಚಾಕೊಲೇಟ್ ಕೊಡು' ಎಂದು ಕುಣಿದಳು.

ಹೆಸರುಗಳಲ್ಲಿ ಒಂದು ತಾಪತ್ರಯವೂ ಇದೆ. ಮಹಾವೀರಾಚಾರ್ಯನ ಅರ್ಬುದ ಎಂದರೆ 10¹⁰. ಮೂರು ಶತಮಾನಗಳ ನಂತರ ಭಾಸ್ಕರಾಚಾರ್ಯ 'ಲೀಲಾವತಿ'ಯಲ್ಲಿ ಅರ್ಬುದ ಎಂದರೆ ಅದು 10⁸. ಹೆಸರು ಒಂದೇ, ನಡುವೆ ನೂರು ಪಟ್ಟು ಅಂತರ. ಇಂಗ್ಲಿಷಿನವರದ್ದೂ ಇದೇ ಪಾಡು. ಬ್ರಿಟನ್ನಿನಲ್ಲಿ ಮೊದಲು ಬಿಲಿಯನ್ ಎಂದರೆ 10¹², ಅಮೆರಿಕದಲ್ಲಿ 10⁹. 1974ರಲ್ಲಿ ಬ್ರಿಟನ್ ಸರ್ಕಾರವೂ ಅಮೆರಿಕದ ಲೆಕ್ಕಕ್ಕೆ ಬಂತು. ತಲೆಯ ಮೇಲಿನ ಪುಟ್ಟ ಅಂಕಿಗೆ ಈ ಜಗಳವಿಲ್ಲ, 10¹⁰ ಯಾವ ದೇಶದಲ್ಲೂ 10¹⁰.

ವಿದೇಶದಲ್ಲಿ ಮೊಮ್ಮಕ್ಕಳಿರುವ ಅಜ್ಜ ಅಜ್ಜಿಯರಿಗೆ ಅಲ್ಪವಿರಾಮದ ಗೊಂದಲವೂ ಗೊತ್ತಿರುತ್ತದೆ. ನಾವು ಬಲದಿಂದ ಮೊದಲು ಮೂರು ಅಂಕಿ, ಆಮೇಲೆ ಎರಡೆರಡು ಬಿಟ್ಟು 12,34,567 ಎಂದು ಬರೆಯುತ್ತೇವೆ. ಅವರು ಮೂರು ಮೂರು ಬಿಟ್ಟು 1,234,567 ಎನ್ನುತ್ತಾರೆ. ಅಂಕಿಗಳು ಕದಲಿಲ್ಲ, ಓದುವಾಗ ಉಸಿರು ತೆಗೆದುಕೊಳ್ಳುವ ಜಾಗ ಬೇರೆ. ಲಕ್ಷ ಎಂದರೆ 10⁵, ಮಿಲಿಯನ್ ಎಂದರೆ 10⁶, ಕೋಟಿ ಎಂದರೆ 10⁷ ಎಂದು ಗೋಡೆಗೆ ಅಂಟಿಸಿಕೊಂಡರೆ ಫೋನಿನಲ್ಲಿ ವಾದ ಬೇಡ.

ಇದೆಲ್ಲ ಮಕ್ಕಳ ಪಾಠ, ನಮಗೇಕೆ ಎನ್ನುವ ಹಿರಿಯರಿಗೆ ಒಂದು ಮಾತು. ಚೆಕ್ಕಿನಲ್ಲಿ ಮೊತ್ತವನ್ನು ಅಂಕಿಯಲ್ಲೂ ಬರೆಯಬೇಕು, ಅಕ್ಷರದಲ್ಲೂ ಬರೆಯಬೇಕು ಅಲ್ಲವೇ? ಎರಡೂ ಬೇರೆ ಬೇರೆಯಾದರೆ ಯಾವುದನ್ನು ನಂಬಬೇಕು ಎಂಬುದಕ್ಕೆ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೆಯ ಕಲಮು ಉತ್ತರ ಕೊಡುತ್ತದೆ: ಅಕ್ಷರದಲ್ಲಿ ಬರೆದದ್ದನ್ನು. ಅಂಕಿಯಲ್ಲಿ ಒಂದು ಸೊನ್ನೆ ಜಾರಿದರೆ ಹತ್ತು ಪಟ್ಟು ಏರುಪೇರು. 'ಒಂದು ಸಾವಿರದ ಐನೂರು' ಎಂದು ಅಕ್ಷರದಲ್ಲಿ ಬರೆದರೆ ಪ್ರತಿ ಅಂಕಿಯ ಬೆಲೆಯೂ ಅದರ ಪಕ್ಕದಲ್ಲೇ ಇರುತ್ತದೆ. ಮುಂದಿನ ಸಲ ಚೆಕ್ಕೋ, ಬ್ಯಾಂಕಿನ ಚೀಟಿಯೋ ಬರೆಯುವಾಗ ಮೊಮ್ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ನೀವು ಅಕ್ಷರದಲ್ಲಿ ಹೇಳಿ, ಅವರು ಬೇರೆ ಕಾಗದದಲ್ಲಿ ಅಂಕಿ ಬರೆಯಲಿ.

ಕೊನೆಗೊಂದು ಆಟ. ಎರಡಂಕಿಯ ಒಂದು ಸಂಖ್ಯೆ ಬರೆಯಿರಿ, 72 ಎನ್ನಿ. ತಿರುಗಿಸಿ, 27. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಿರಿ, 45. ಯಾವ ಸಂಖ್ಯೆಯಿಂದ ಹೊರಟರೂ ಉತ್ತರ ಒಂಬತ್ತರ ಮಗ್ಗಿಯಲ್ಲೇ ಇರುತ್ತದೆ (ಎರಡೂ ಅಂಕಿ ಒಂದೇ ಆದರೆ ಮಾತ್ರ ಉತ್ತರ ಸೊನ್ನೆ). ಅಜ್ಜಂದಿರು ಇದನ್ನು ಜಾದೂ ಎಂದು ತೋರಿಸಿ ಬೀಗಬಹುದು, ಆದರೆ ಕಾರಣ ವಿಸ್ತರಣಾ ರೂಪದಲ್ಲಿದೆ. ಹತ್ತರ ಮನೆಯಲ್ಲಿದ್ದ 7 ಬಿಡಿಯ ಮನೆಗೆ ಇಳಿಯಿತು. ಹತ್ತಾಗಿದ್ದದ್ದು ಒಂದಾಯಿತು, ಅಂದರೆ ಪ್ರತಿ ಒಂದಕ್ಕೂ ಒಂಬತ್ತು ನಷ್ಟ, ಏಳಕ್ಕೆ ಏಳು ಒಂಬತ್ತು. ಬಿಡಿಯ ಮನೆಯ 2 ಮೇಲೆ ಹತ್ತಿತು, ಅದಕ್ಕೆ ಎರಡು ಒಂಬತ್ತು ಲಾಭ. ಒಟ್ಟು ನಷ್ಟ ಐದು ಒಂಬತ್ತು, ನಲವತ್ತೈದು.

ಈಗ ಮೂರಂಕಿ. 732 ತಿರುಗಿಸಿದರೆ 237, ಕಳೆದರೆ 495. ನಡುವಿನ 3 ತನ್ನ ಮನೆ ಬಿಟ್ಟು ಕದಲಲೇ ಇಲ್ಲ. ನೂರರ ಮನೆಯ 7 ಬಿಡಿಯ ಮನೆಗೆ ಇಳಿದರೆ ಪ್ರತಿ ಒಂದಕ್ಕೂ ಎಷ್ಟು ನಷ್ಟ? ಈ ಸಲ ಉತ್ತರ ಯಾವ ಮಗ್ಗಿಯಲ್ಲಿ ಬರುತ್ತದೆ? ಮದುವೆ ಪತ್ರಿಕೆಯ ಚೀಟಿಗಳನ್ನು ಹರಡಿಕೊಂಡು ಅಜ್ಜ ಮೊದಲೋ ಮೊಮ್ಮಗ ಮೊದಲೋ ನೋಡಿ.